ಕಪ್ಪು ಮೈಬಣ್ಣ, ಒಂಬತ್ತು ಕಲೆ, ಒಂದು ಕ್ರೀಮು: ಎಂಟು ತಿಂಗಳು ಅಜೆಲೈಕ್ ಆಸಿಡ್ ಹಚ್ಚಿದ ಮೇಲೆ

ನನ್ನ ಎಡ ದವಡೆಯ ಅಂಚಿನಲ್ಲಿ ಒಂಬತ್ತು ಕಲೆಗಳಿದ್ದವು. ಎಣಿಸಿ ಇಟ್ಟಿದ್ದೆ. ಎಲ್ಲವೂ ಮೊಡವೆ ಹೋದ ಮೇಲೆ ಉಳಿದ ಗುರುತುಗಳೇ, ಅದರಲ್ಲಿ ದೊಡ್ಡದು ಅಂಗಿಯ ಗುಂಡಿಯಷ್ಟು ಅಗಲ. ಎಂಟು ತಿಂಗಳಾದ ಮೇಲೆ ಈಗ ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋದರೆ ಎರಡು ಕಾಣುತ್ತವೆ. ಒಂದು ಮಾಸುತ್ತಿದೆ. ಇನ್ನೊಂದು ಹಾಗೇ ಕೂತಿದೆ, ಅದರ ವಿಷಯ ಕೊನೆಗೆ ಹೇಳುತ್ತೇನೆ. ಇಷ್ಟು ದಿನ ನಾನು ಹಚ್ಚಿದ್ದು ಶೇ. 20ರ ಅಜೆಲೈಕ್ ಆಸಿಡ್ ಕ್ರೀಮು, ಹಗಲು ಹೊತ್ತು ಅದರ ಮೇಲೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಔಷಧಿಯನ್ನು ಹಲವು ಕಂಪನಿಗಳು ಮಾಡುತ್ತವೆ, ಟ್ಯೂಬಿನ ಮುಂದೆ ದೊಡ್ಡದಾಗಿ ಬರೆದ ಹೆಸರಿಗಿಂತ ಹಿಂದೆ ಸಣ್ಣಕ್ಷರದಲ್ಲಿ ಇರುವ ಔಷಧಿಯ ಹೆಸರು ಮತ್ತು ಪ್ರಮಾಣ ನೋಡಿ ತೆಗೆದುಕೊಳ್ಳಿ.

ನನ್ನದು ಎಣ್ಣೆಗಪ್ಪು ಬಣ್ಣ. ಹುಟ್ಟಿನಿಂದ ಬಂದದ್ದು, ನನಗೆ ಇಷ್ಟವಾದದ್ದು. ಇದನ್ನು ಮೊದಲೇ ಹೇಳಲು ಕಾರಣ ಇದೆ. ಕಲೆಗೆ ಏನಾದರೂ ಕೊಡಿ ಅಂತ ಕೇಳಿದಾಗೆಲ್ಲ ನನ್ನ ಕೈಗೆ ಬಂದಿದ್ದು ಮುಖ ಬೆಳ್ಳಗೆ ಮಾಡುವ ಕ್ರೀಮು. ಕಲೆ ತೆಗೆಯೋದು ಬೇರೆ, ಬಣ್ಣ ತೆಗೆಯೋದು ಬೇರೆ. ನನಗೆ ಬೇಕಾಗಿದ್ದದ್ದು ಕಲೆಯ ಜಾಗ ಅಕ್ಕಪಕ್ಕದ ಚರ್ಮದ ಹಾಗೆಯೇ, ಅದೇ ಕಪ್ಪಿಗೆ ಬರೋದು. ಅಷ್ಟೇ. ಈ ರಿವ್ಯೂನಲ್ಲಿ ಚೆನ್ನಾಗಿದೆ, ಇಲ್ಲ ಅಂತ ನಾನು ಹೇಳೋದೆಲ್ಲ ಇದೇ ಅಳತೆಯಲ್ಲಿ.

ನಮ್ಮ ಚರ್ಮದಲ್ಲಿ ಕಲೆ ಯಾಕೆ ಇಷ್ಟು ಗಟ್ಟಿಯಾಗಿ ಕೂರುತ್ತದೆ ಅನ್ನೋದು ಗೊತ್ತಾದ ಮೇಲೆಯೇ ನನಗೆ ಈ ಕ್ರೀಮು ಅರ್ಥವಾಗಿದ್ದು. ಬಣ್ಣ ತಯಾರಿಸುವ ಕೋಶಗಳು, ಅಂದರೆ ಮೆಲನೋಸೈಟ್‌ಗಳು, ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಇರುತ್ತವೆ. ನಮ್ಮವು ಜಾಸ್ತಿ ಬಣ್ಣ ಮಾಡುತ್ತವೆ. ಆ ಬಣ್ಣದ ಕಣಗಳು ದೊಡ್ಡವು, ಬಿಡಿಬಿಡಿಯಾಗಿ ಚರ್ಮದ ತುಂಬ ಹರಡಿಕೊಳ್ಳುತ್ತವೆ. ಬಿಸಿಲಿನಿಂದ ಇದೇ ನಮ್ಮನ್ನು ಕಾಯೋದು. ಆದರೆ ಮೊಡವೆ, ಗಾಯ, ಸುಟ್ಟಿದ್ದು, ಕೆರೆದಿದ್ದು, ಸೊಳ್ಳೆ ಕಚ್ಚಿದ್ದು, ಯಾವುದೇ ಕಾರಣಕ್ಕೆ ಚರ್ಮ ಉರಿದುಕೊಂಡರೆ ಈ ಕೋಶಗಳು ಅಲ್ಲಿ ಇನ್ನೂ ಜಾಸ್ತಿ ಬಣ್ಣ ಸುರಿಯುತ್ತವೆ. ಬೆಳ್ಳಗಿರುವವರ ಮುಖದಲ್ಲಿ ಮೊಡವೆ ಒಂದಷ್ಟು ದಿನ ಕೆಂಪಗೆ ಇದ್ದು ಹೋಗುತ್ತದೆ. ನಮ್ಮಲ್ಲಿ ಮೊಡವೆ ಒಂದು ವಾರ ಇದ್ದರೆ ಅದರ ಗುರುತು ತಿಂಗಳುಗಟ್ಟಲೆ ಇರುತ್ತದೆ.

ಇದರಿಂದ ಗೊತ್ತಾಗುವ ದೊಡ್ಡ ಮಾತು ಒಂದಿದೆ. ಕಲೆ ತೆಗೆಯಲು ಹಚ್ಚಿದ್ದೇ ಚರ್ಮವನ್ನು ಉರಿಸಿದರೆ, ಅದೇ ಹೊಸ ಕಲೆ ತರುತ್ತದೆ.

ನಾನು ಇದನ್ನು ಕಲಿತದ್ದು ಮುಖ ಸುಟ್ಟುಕೊಂಡು. ಒಂದು ಕಡೆ ಹೋಗಿ ಆಸಿಡ್ ಪೀಲಿಂಗ್, ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಯೋದು, ಮಾಡಿಸಿಕೊಂಡಿದ್ದೆ. ಚರ್ಮ ಯಾವ ಥರದ್ದು, ಮೊದಲು ಏನು ಹಚ್ಚುತ್ತಿದ್ದಿರಿ, ಒಂದೂ ಕೇಳಲಿಲ್ಲ. ಹಚ್ಚಿದ ಎರಡು ನಿಮಿಷಕ್ಕೆ ಕೆನ್ನೆ ಕಾದ ಹೆಂಚಿನ ಹಾಗಾಯಿತು, ಉರಿ ಅಂದೆ, ಉರಿದರೇನೇ ಕೆಲಸ ಮಾಡೋದು ಅಂದರು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ನೆ ಮಲಗಿದ್ದೆ. ಮೂರನೇ ದಿನ ಸಿಪ್ಪೆ ಎದ್ದಿತು. ಸಿಪ್ಪೆ ಹೋದ ಮೇಲೆ ಕೆನ್ನೆಯ ಮೂಳೆಯ ಮೇಲೆ ಅಂಗೈ ಅರ್ಧದಷ್ಟು ಅಗಲದ ಕಂದು ಪಟ್ಟೆ ಬಂತು. ಹಿಂದೆ ಇದ್ದದ್ದು ಚುಕ್ಕೆಗಳು, ಈಗ ಪಟ್ಟೆ. ಅದು ಹೋಗಲು ಒಂದು ವರ್ಷದ ಮೇಲೆ ಬೇಕಾಯಿತು. ಪೀಲಿಂಗೇ ಕೆಟ್ಟದ್ದು ಅಂತ ಅಲ್ಲ, ಕಪ್ಪು ಚರ್ಮದ ಅನುಭವ ಇರುವ ಡಾಕ್ಟರು ಸೌಮ್ಯವಾದದ್ದನ್ನು ಸ್ವಲ್ಪ ಸ್ವಲ್ಪವೇ ಮಾಡಿದರೆ ಕೆಲಸ ಮಾಡುತ್ತದೆ. ಆದರೆ ಉರಿದರೇನೇ ಒಳ್ಳೆಯದು ಅನ್ನುವವರ ಕೈಗೆ ನಿಮ್ಮ ಮುಖ ಕೊಡಬೇಡಿ.

ಅದಾದ ಮೇಲೆ ಇನ್ನೊಂದು ತಪ್ಪು. ಯಾರೋ ಹೇಳಿದರು ಅಂತ ಮೂರು ಔಷಧಿ ಬೆರೆಸಿದ ಒಂದು ಕ್ರೀಮು ತಂದು ಹಚ್ಚಿದೆ. ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಚರ್ಮದ ಪದರ ಬೇಗ ಬದಲಾಗುವ ಹಾಗೆ ಮಾಡುವ ಟ್ರೆಟಿನಾಯಿನ್, ಉರಿಯೂತ ತಗ್ಗಿಸುವ ಸ್ಟೀರಾಯ್ಡ್. ಈ ಮಿಶ್ರಣ ಹೊಸದೇನಲ್ಲ. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಅನ್ನುವವರು ಇದರ ಮೊದಲ ರೂಪವನ್ನು ಪ್ರಕಟಿಸಿದರು, ಬಂಗಿಗೆ, ಅಂದರೆ ಮುಖದ ಮೇಲೆ ಹರಡುವ ಕಂದು ಮಚ್ಚೆಗೆ (ಮೆಲಾಸ್ಮಾ), ಡಾಕ್ಟರು ಇಂದಿಗೂ ಇಂಥದ್ದನ್ನು ಕೊಡುತ್ತಾರೆ, ಕೆಲವೇ ವಾರಗಳಿಗೆ, ಆಗಾಗ ಮುಖ ನೋಡುತ್ತಾ. ನಾನು ಯಾರಿಗೂ ತೋರಿಸದೆ ತಿಂಗಳುಗಟ್ಟಲೆ ಹಚ್ಚಿದೆ. ಮೊದಲ ಹತ್ತು ದಿನ ಮುಖ ಹೊಳೆಯಿತು, ಕಂಡವರೆಲ್ಲ ಏನು ಹಚ್ಚುತ್ತಿದ್ದೀಯಾ ಅಂತ ಕೇಳಿದರು. ನಿಲ್ಲಿಸಿದ ವಾರದಲ್ಲೇ ಕೆನ್ನೆ ಕೆಂಪಾಗಿ ಉರಿಯತೊಡಗಿತು, ಸಣ್ಣ ಸಣ್ಣ ಮೊಡವೆ ಗುಂಪಾಗಿ ಎದ್ದವು, ಮತ್ತೆ ಹಚ್ಚಿದರೆ ಮಾತ್ರ ಸುಮ್ಮನಾಗುತ್ತಿತ್ತು. ಅದು ಸ್ಟೀರಾಯ್ಡ್ ಮಾಡುವ ಕೆಲಸ. ಜಾಸ್ತಿ ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳ ಕಾಣುತ್ತದೆ, ಮುಖದಲ್ಲಿ ಕೂದಲು ಕೂಡ ಬೆಳೆಯಬಹುದು. ಹೈಡ್ರೋಕ್ವಿನೋನ್ ಕೂಡ ವರ್ಷಗಟ್ಟಲೆ ಹಚ್ಚಿದರೆ ಕಪ್ಪು ಚರ್ಮದಲ್ಲಿ ಓಕ್ರೊನೋಸಿಸ್ ಆಗಬಹುದು, ಅಂದರೆ ನೀಲಿಗಪ್ಪು ಕಲೆ, ಅದನ್ನು ತೆಗೆಯೋದು ತುಂಬಾ ಕಷ್ಟ. ಅಮೆರಿಕದಲ್ಲಿ 2020ರಿಂದ ಅದನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಯೂರೋಪಿನಲ್ಲಿ ಅದಕ್ಕೂ ಎಷ್ಟೋ ಮೊದಲೇ ಬೆಳ್ಳಗೆ ಮಾಡುವ ಕ್ರೀಮುಗಳಿಂದ ಅದನ್ನು ತೆಗೆಸಿದ್ದಾರೆ.

ಒಳಗೆ ಏನಿದೆ ಅಂತ ಬರೆಯದೇ ಇರುವ ಡಬ್ಬಿಗಳಂತೂ ಇನ್ನೂ ಭಯ. ಕೆಲವದರಲ್ಲಿ ಪಾದರಸ ಇರುತ್ತದೆ. ಅದು ಬಣ್ಣ ಕಡಿಮೆ ಮಾಡುತ್ತದೆ, ಜೊತೆಗೆ ಚರ್ಮದೊಳಗೆ ಇಳಿದು ಮೂತ್ರಪಿಂಡವನ್ನೂ ನರಗಳನ್ನೂ ಹಾಳು ಮಾಡುತ್ತದೆ. ಪಾದರಸದ ಬಗ್ಗೆ 2013ರಲ್ಲಿ ಮಿನಮಾಟಾ ಒಪ್ಪಂದ ಅಂತಲೇ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು, ಅದರಲ್ಲಿ ಈ ಕ್ರೀಮುಗಳ ಹೆಸರೂ ಇದೆ. ಹೀಗಿದ್ದರೂ ಅವು ಸಿಗುತ್ತವೆ. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಅಯೊಡೈಡ್, ಈ ಹೆಸರುಗಳಲ್ಲಿ ಒಂದು ಕಂಡರೂ ಅಥವಾ ಯಾವ ಹೆಸರೂ ಬರೆದಿರದಿದ್ದರೂ ಅದನ್ನು ಮುಟ್ಟಬೇಡಿ.

ಇಷ್ಟೆಲ್ಲ ಆದ ಮೇಲೆ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ಮೂರು ತಿಂಗಳು ಬರೀ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಹಚ್ಚಿಸಿದರು, ಚರ್ಮ ಮೊದಲು ಸುಧಾರಿಸಲಿ ಅಂತ. ಆಮೇಲೆ ಅಜೆಲೈಕ್ ಆಸಿಡ್ ಬರೆದುಕೊಟ್ಟರು. ಆಸಿಡ್ ಅನ್ನೋ ಹೆಸರು ಕೇಳಿ ನನ್ನ ಕೈ ಹಿಂದೆ ಸರಿದಿತ್ತು. ಇದು ಸುಡುವ ಥರದ ಆಸಿಡ್ ಅಲ್ಲ. ನಮ್ಮ ಚರ್ಮದ ಮೇಲೆ ಸಹಜವಾಗಿ ಇರುವ ಒಂದು ಬಗೆಯ ಯೀಸ್ಟ್ ಕೂಡ ಇದನ್ನು ತಯಾರಿಸುತ್ತದೆ. ಬಣ್ಣ ತಯಾರಾಗಲು ಟೈರೋಸಿನೇಸ್ ಅನ್ನುವ ಕಿಣ್ವ ಬೇಕು, ಅದರ ಕೆಲಸವನ್ನು ಇದು ನಿಧಾನ ಮಾಡುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಏನೆಂದರೆ, ಅತಿಯಾಗಿ ಬಣ್ಣ ಸುರಿಯುತ್ತಿರುವ ಕೋಶಗಳ ಮೇಲೆ ಇದರ ಪರಿಣಾಮ ಜಾಸ್ತಿ, ನೆಟ್ಟಗಿರುವ ಕೋಶಗಳ ಮೇಲೆ ತುಂಬಾ ಕಡಿಮೆ. ಕಲೆ ತಿಳಿಯಾಗುತ್ತದೆ, ಮೈಬಣ್ಣ ಹಾಗೇ ಇರುತ್ತದೆ. ಜೊತೆಗೆ ಮೊಡವೆಯನ್ನೂ ಕಡಿಮೆ ಮಾಡುತ್ತದೆ. ಮೊಡವೆ ಬರುತ್ತಲೇ ಇದ್ದರೆ ಕಲೆ ತೆಗೆದು ಏನು ಪ್ರಯೋಜನ, ಅಲ್ವಾ?

ಈಗ ಕ್ರೀಮಿನ ವಿಷಯ. ಬೆಳ್ಳಗೆ, ಸ್ವಲ್ಪ ಗಟ್ಟಿ, ವಾಸನೆ ಇಲ್ಲ ಅನ್ನಬಹುದು. ಮುಖ ತೊಳೆದು, ಒರೆಸಿ, ಪೂರ್ತಿ ಒಣಗಲು ಹತ್ತು ನಿಮಿಷ ಬಿಡುತ್ತೇನೆ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಕಿರುಬೆರಳ ಉಗುರಿನಷ್ಟು ತೆಗೆದುಕೊಂಡು ಐದು ಕಡೆ ಚುಕ್ಕೆ ಇಟ್ಟು ಇಡೀ ಮುಖಕ್ಕೆ ತೆಳ್ಳಗೆ ಸವರುತ್ತೇನೆ. ಮೊದಲೆರಡು ವಾರ ದಿನ ಬಿಟ್ಟು ದಿನ, ರಾತ್ರಿ ಮಾತ್ರ. ಆಮೇಲೆ ದಿನಾ ರಾತ್ರಿ. ಎರಡನೇ ತಿಂಗಳಿನಿಂದ ಬೆಳಿಗ್ಗೆಯೂ.

ಮೊದಲ ಮೂರು ವಾರ ತುರಿಕೆ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಹಚ್ಚಿದ ಐದು ನಿಮಿಷಕ್ಕೆ ಮೂಗಿನ ಪಕ್ಕದಲ್ಲಿ ಇರುವೆ ಹರಿದ ಹಾಗೆ ಶುರುವಾಗಿ ಹದಿನೈದು ನಿಮಿಷಕ್ಕೆ ನಿಲ್ಲುತ್ತಿತ್ತು. ಕೆಂಪಾಗಲಿಲ್ಲ, ಸಿಪ್ಪೆ ಏಳಲಿಲ್ಲ, ಅದಕ್ಕೇ ಮುಂದುವರಿಸಿದೆ. ಮೊದಲೇ ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಇದನ್ನು ಹಚ್ಚಿದಾಗ ತುರಿಕೆ ಅರ್ಧ ಆಯಿತು. ನಾಲ್ಕನೇ ವಾರಕ್ಕೆ ಹೋಯಿತು. ನಿಮಗೆ ಉರಿ ಒಂದು ಗಂಟೆಯಾದರೂ ನಿಲ್ಲದೇ ಇದ್ದರೆ, ಚರ್ಮ ಕೆಂಪಾಗಿ ಅಥವಾ ಇನ್ನೂ ಕಪ್ಪಾಗಿ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕಪ್ಪು ಚರ್ಮದಲ್ಲಿ ಉರಿಯೂತ ಕೆಂಪಗೆ ಕಾಣದೇ ಇರಬಹುದು. ನೇರಳೆ ಥರ, ಬೂದಿ ಥರ ಕಾಣಬಹುದು. ಆದ್ದರಿಂದ ಕಣ್ಣಿಗಿಂತ ಚರ್ಮ ಏನು ಹೇಳುತ್ತಿದೆ ಅನ್ನೋದನ್ನು ನಂಬಿ. ಇನ್ನೊಂದು ಎಚ್ಚರಿಕೆ ಔಷಧಿಯ ಚೀಟಿಯಲ್ಲೇ ಇದೆ: ಕಪ್ಪು ಮೈಬಣ್ಣದವರಲ್ಲಿ ಅಪರೂಪಕ್ಕೆ ಚರ್ಮ ಬೇಕಾದ್ದಕ್ಕಿಂತ ತಿಳಿಯಾಗಬಹುದು. ನನಗೆ ಆಗಲಿಲ್ಲ, ಆದರೂ ತಿಂಗಳಿಗೊಮ್ಮೆ ಕಿವಿಯ ಹಿಂದಿನ ಬಣ್ಣದ ಜೊತೆ ಹೋಲಿಸಿ ನೋಡುತ್ತಿದ್ದೆ.

ಒಂದು ನಿಜವಾದ ಕಿರಿಕಿರಿ ಏನೆಂದರೆ, ಇದು ಒಣಗುವ ಮೊದಲು ಮೇಲೆ ಸನ್‌ಸ್ಕ್ರೀನ್ ಉಜ್ಜಿದರೆ ರಬ್ಬರಿನಿಂದ ಅಳಿಸಿದಾಗ ಪುಡಿ ಬರುತ್ತದಲ್ಲ, ಹಾಗೆ ಸಣ್ಣ ಸಣ್ಣ ಎಳೆಯಾಗಿ ಸುತ್ತಿಕೊಂಡು ಉದುರುತ್ತದೆ. ಬೆಳಿಗ್ಗೆ ಆತುರದಲ್ಲಿ ಇದು ಬಹಳ ಸಿಟ್ಟು ತರಿಸಿತು. ಹದಿನೈದು ನಿಮಿಷ ಬಿಟ್ಟು, ಉಜ್ಜದೆ ತಟ್ಟಿ ತಟ್ಟಿ ಹಚ್ಚಿದರೆ ಬರುವುದಿಲ್ಲ.

ಫಲಿತಾಂಶಕ್ಕೆ ಬರುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ಕಿಟಕಿಯ ಪಕ್ಕ, ಒಂದೇ ಹೊತ್ತಿಗೆ, ಏನೂ ಹಚ್ಚದ ಮುಖದ ಫೋಟೋ ತೆಗೆಯುತ್ತಿದ್ದೆ. ಇದು ತುಂಬಾ ಮುಖ್ಯ. ಬೆಳಕು ಒಂದಿಷ್ಟು ಬದಲಾದರೆ ಸಾಕು, ಕಲೆ ಅರ್ಧ ಹೋದ ಹಾಗೆ ಕಾಣುತ್ತದೆ, ಜಾಹೀರಾತಿನಲ್ಲಿ ಮೊದಲು ಮತ್ತು ನಂತರ ಅಂತ ತೋರಿಸುವ ಫೋಟೋಗಳಲ್ಲಿ ಗೋಡೆಯ ಬಣ್ಣ ಒಂದೇ ಇದೆಯಾ ನೋಡಿ, ಎಷ್ಟೋ ಕಡೆ ಇರುವುದಿಲ್ಲ. ಮೊದಲ ಆರು ವಾರ ನನ್ನ ಫೋಟೋಗಳಲ್ಲಿ ಏನೂ ವ್ಯತ್ಯಾಸವಿಲ್ಲ. ಸೊನ್ನೆ. ನನ್ನ ಅಕ್ಕ ದಿನಾ ಕೇಳುತ್ತಿದ್ದಳು, ಏನಾದ್ರೂ ಆಯ್ತಾ ಅಂತ. ಚರ್ಮದ ಮೇಲ್ಪದರ ಒಂದು ಸಲ ಪೂರ್ತಿ ಬದಲಾಗಲು ನಾಲ್ಕರಿಂದ ಆರು ವಾರ ಬೇಕು, ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಹಳೆಯ ಬಣ್ಣ ಮೇಲೆ ಬಂದು ಉದುರಿ ಹೋಗಬೇಕು, ಕೆಳಗಿಂದ ಬರುವ ಹೊಸ ಪದರದಲ್ಲಿ ಬಣ್ಣ ಕಡಿಮೆ ಇರಬೇಕು. ಇದಕ್ಕೆ ಆತುರ ಮಾಡಿ ಪ್ರಯೋಜನವಿಲ್ಲ.

ಹತ್ತನೇ ವಾರದಲ್ಲಿ ಮೊದಲ ಸಲ ಕಂಡಿತು. ದೊಡ್ಡ ಕಲೆಯ ಅಂಚು, ಪೆನ್ನಿನಿಂದ ಗೆರೆ ಎಳೆದ ಹಾಗೆ ಇದ್ದದ್ದು, ಮಸುಕಾಗಿತ್ತು. ಕಲೆ ಎಲ್ಲಿ ಮುಗಿಯುತ್ತದೆ, ನನ್ನ ಚರ್ಮ ಎಲ್ಲಿ ಶುರುವಾಗುತ್ತದೆ ಅಂತ ಹೇಳಲು ಆಗುತ್ತಿರಲಿಲ್ಲ. ಆಮೇಲೆ ನಡುವಿನ ಕಪ್ಪು ಕಂದಾಯಿತು, ಕಂದು ಇನ್ನೂ ತೆಳುವಾಯಿತು. ನಾಲ್ಕನೇ ತಿಂಗಳ ಕೊನೆಗೆ ಸಣ್ಣ ನಾಲ್ಕು ಕಲೆಗಳನ್ನು ಫೋಟೋದಲ್ಲಿ ಹುಡುಕಿದರೂ ಸಿಗಲಿಲ್ಲ. ಆರನೇ ತಿಂಗಳಿಗೆ ಏಳು ಹೋಗಿದ್ದವು. ಹಣೆ, ಕುತ್ತಿಗೆ, ಕೆನ್ನೆಯ ನನ್ನ ಬಣ್ಣ ಮೊದಲಿನಷ್ಟೇ ಕಪ್ಪಗಿದೆ. ಆ ಫೋಟೋ ನೋಡಿ ಖುಷಿಯಾಗಿ ಒಂದು ಹೊತ್ತು ಹಾಗೇ ಕೂತಿದ್ದೆ.

ಆದರೆ ಇದರ ಅರ್ಧ ಶ್ರೇಯಸ್ಸು ಸನ್‌ಸ್ಕ್ರೀನಿಗೆ ಹೋಗಬೇಕು. ಕಪ್ಪಗಿದ್ದೇವೆ, ನಮಗ್ಯಾಕೆ ಸನ್‌ಸ್ಕ್ರೀನ್ ಅಂತ ನಾನೂ ಎಷ್ಟೋ ವರ್ಷ ಅಂದುಕೊಂಡಿದ್ದೆ. ನಮ್ಮ ಚರ್ಮ ಬೇಗ ಸುಡುವುದಿಲ್ಲ ಅನ್ನೋದು ನಿಜ. ಕಲೆ ಮಾತ್ರ ಬೆಳಕಿಗೆ ಬೇಗ ಕಪ್ಪಾಗುತ್ತದೆ. ಅದೂ ಬರೀ ಯುವಿ ಕಿರಣಕ್ಕೆ ಅಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಣ್ಣಿಗೆ ಕಾಣುವ ಬೆಳಕನ್ನು ಬೇರೆ ಬೇರೆ ಚರ್ಮದ ಮೇಲೆ ಬಿಟ್ಟು ನೋಡಿದರು. ಕಪ್ಪು ಚರ್ಮ ಕಪ್ಪಾಗಿ ಹಾಗೇ ಉಳಿಯಿತು, ತುಂಬಾ ಬೆಳ್ಳಗಿನ ಚರ್ಮದಲ್ಲಿ ಏನೂ ಆಗಲಿಲ್ಲ. ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ಹೆಚ್ಚು ತಡೆಯುವುದಿಲ್ಲ. ಐರನ್ ಆಕ್ಸೈಡ್ ತಡೆಯುತ್ತದೆ. ಅದೇ ಬಣ್ಣ ಬೆರೆಸಿದ ಸನ್‌ಸ್ಕ್ರೀನಿನಲ್ಲಿ ಇರುವ ಕಂದು ಬಣ್ಣ. ಆದ್ದರಿಂದ ನಮ್ಮಂಥವರಿಗೆ ಆ ಬಣ್ಣ ಅಲಂಕಾರಕ್ಕೆ ಅಲ್ಲ, ಔಷಧಿಯ ಭಾಗ.

ಇಲ್ಲಿ ನನ್ನ ದೊಡ್ಡ ದೂರು ಇದೆ. ಈ ಬಣ್ಣದ ಸನ್‌ಸ್ಕ್ರೀನುಗಳು ಯಾರಿಗೆ ಜಾಸ್ತಿ ಬೇಕೋ ಅವರ ಬಣ್ಣದಲ್ಲಿ ಸಿಗುವುದೇ ಇಲ್ಲ. ಮೂರು ಸಲ ತರಿಸಿದ್ದೇನೆ. ಎಲ್ಲರಿಗೂ ಹೊಂದುತ್ತದೆ ಅಂತ ಬರೆದಿದ್ದ ಮೊದಲನೆಯದು ನನ್ನ ಮುಖದ ಮೇಲೆ ಬೂದಿ ಬಳಿದ ಹಾಗೆ ಕಂಡಿತು. ಎರಡನೆಯದು ಕಿತ್ತಳೆ. ಮೂರನೆಯದು, ಅವರ ಶೇಡುಗಳಲ್ಲೇ ತೀರಾ ಗಾಢವಾದದ್ದು, ಈಗ ಹಚ್ಚುತ್ತಿರುವುದು, ಹತ್ತು ನಿಮಿಷಕ್ಕೆ ಚರ್ಮದಲ್ಲಿ ಬೆರೆಯುತ್ತದೆ. ನನಗಿಂತ ಒಂದು ಛಾಯೆ ಕಪ್ಪಗಿರುವವರಿಗೆ ಅದೂ ಸಾಲದು. ಇದು ಸಣ್ಣ ವಿಷಯವಲ್ಲ. ಚರ್ಮವನ್ನು ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿ 1975ರಲ್ಲಿ ಶುರುವಾದಾಗ ಅದರಲ್ಲಿ ಇದ್ದದ್ದು ಬಿಳಿ ಚರ್ಮದ ವಿಧಗಳು ಮಾತ್ರ, ಕಂದು ಮತ್ತು ಕಪ್ಪು ಚರ್ಮವನ್ನು ಆಮೇಲೆ ಸೇರಿಸಿದರು. ಸನ್‌ಸ್ಕ್ರೀನ್ ಕಪಾಟಿನ ಮುಂದೆ ನಿಂತಾಗ ನನಗೆ ಇದೇ ನೆನಪಾಗುತ್ತದೆ. ನಮ್ಮನ್ನು ಇನ್ನೂ ಆಮೇಲೆ ಸೇರಿಸುತ್ತಲೇ ಇದ್ದಾರೆ.

ಹಚ್ಚುವ ಪ್ರಮಾಣದಲ್ಲಿ ಜಿಪುಣತನ ಮಾಡಬೇಡಿ. ತೋರುಬೆರಳು, ನಡುಬೆರಳು, ಎರಡರ ಉದ್ದಕ್ಕೂ ಗೆರೆ ಹಾಕಿ, ಅಷ್ಟನ್ನೂ ಮುಖ ಮತ್ತು ಕುತ್ತಿಗೆಗೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಯುವಿ ಕಿರಣಗಳಲ್ಲಿ ಒಂದು ಬಗೆಯಾದ ಯುವಿಎ ಕಿಟಕಿಯ ಗಾಜಿನೊಳಗಿಂದಲೂ ಬರುತ್ತದೆ, ಕಿಟಕಿ ಪಕ್ಕ ಕೂತು ಕೆಲಸ ಮಾಡುವವರಿಗೂ ಬೇಕು. ಅಂಗಿಯ ಕಾಲರಿಗೆ ಕಂದು ಗುರುತು ಹಿಡಿಯುತ್ತದೆ, ಬಿಳಿ ಬಟ್ಟೆ ಹಾಕುವ ದಿನ ಕುತ್ತಿಗೆಗೆ ಬೇರೆ ಸನ್‌ಸ್ಕ್ರೀನ್ ಇಟ್ಟುಕೊಳ್ಳಿ.

ಬೇರೆ ಔಷಧಿಗಳ ಬಗ್ಗೆ ಒಂದೆರಡು ಮಾತು. ನಯಾಸಿನಮೈಡ್ ಶೇ. 5ರದ್ದು ನನ್ನ ಮಾಯಿಶ್ಚರೈಸರಿನಲ್ಲೇ ಇದೆ, ಅದು ತಯಾರಾದ ಬಣ್ಣ ಮೇಲಿನ ಕೋಶಗಳಿಗೆ ದಾಟುವುದನ್ನು ಕಡಿಮೆ ಮಾಡುತ್ತದೆ, ಉರಿ ಇಲ್ಲ, ಜೊತೆಗೆ ಇರಲಿ. ವಿಟಮಿನ್ ಸಿ ಸೀರಮ್ ಒಳ್ಳೆಯದೇ, ಆದರೆ ಬೇಗ ಹಾಳಾಗುತ್ತದೆ, ಬಾಟಲಿಯಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಾಡಿ. ಟ್ರೆಟಿನಾಯಿನ್ ಕೆಲಸ ಮಾಡುತ್ತದೆ, ನನ್ನ ಚರ್ಮ ತಡೆಯಲಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಮೂಲತಃ ರಕ್ತಸ್ರಾವ ನಿಲ್ಲಿಸುವ ಔಷಧಿ, ಬಂಗಿಗೆ ಅದರ ಮಾತ್ರೆ ಕೊಡುತ್ತಾರೆ, ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅಪಾಯ, ಸ್ವಂತ ಬುದ್ಧಿಯಿಂದ ನುಂಗಬೇಡಿ. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟು ಮುಖಕ್ಕೆ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗಿ ಇನ್ನೂ ಕಪ್ಪು ಕಲೆ ಬೀಳುತ್ತದೆ.

ಎಲ್ಲ ಕಪ್ಪಿಗೂ ಈ ಕ್ರೀಮು ಔಷಧಿಯಲ್ಲ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪವಾಗಿ ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಅದು ಕೊಳೆಯೂ ಅಲ್ಲ, ಕಲೆಯೂ ಅಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ ಇರಬಹುದು. ಉಜ್ಜಬೇಡಿ, ಸಕ್ಕರೆ ಪರೀಕ್ಷೆ ಮಾಡಿಸಿ. ಎರಡೂ ಕೆನ್ನೆಗೆ ಸಮನಾಗಿ ಬಂಗು ಬಂದಿದ್ದರೆ ಇದು ಸಹಾಯ ಮಾಡಬಹುದು, ಆದರೆ ಬಂಗು ಹೋಗಿ ಮತ್ತೆ ಬರುವಂಥದ್ದು, ಅದಕ್ಕೆ ಡಾಕ್ಟರ ಜೊತೆ ಬೇಕು. ಗರ್ಭಿಣಿಯರಿಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಬೇಡ ಅನ್ನುವ ಕಡೆ ಡಾಕ್ಟರು ಸಾಮಾನ್ಯವಾಗಿ ಅಜೆಲೈಕ್ ಆಸಿಡನ್ನೇ ಆರಿಸುತ್ತಾರೆ, ಆದರೂ ಕೇಳಿಯೇ ಹಚ್ಚಿ. ಅಂಗಾಲು, ಅಂಗೈ, ಉಗುರಿನ ಕೆಳಗೆ ಹೊಸದಾಗಿ ಬಂದ, ಆಕಾರ ಬದಲಾಯಿಸುತ್ತಿರುವ ಕಪ್ಪು ಮಚ್ಚೆ ಇದ್ದರೆ ಯಾವ ಕ್ರೀಮೂ ಹಚ್ಚದೆ ಬೇಗ ತೋರಿಸಿ. ಕಪ್ಪು ಚರ್ಮದವರಲ್ಲಿ ಮೆಲನೋಮಾ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇಂಥ ಜಾಗಗಳಲ್ಲೇ, ತಡವಾಗಿ ಪತ್ತೆಯಾಗುವುದೂ ಜಾಸ್ತಿ.

ಇನ್ನು ಉಳಿದ ಆ ಒಂದು ಕಲೆ. ದವಡೆಯ ಮೂಲೆಯಲ್ಲಿದೆ, ಕಂದಲ್ಲ, ಬೂದು ನೀಲಿ. ಮೊದಲ ದಿನದಿಂದಲೂ ಹಾಗೇ ಇತ್ತು, ನಾನು ಗಮನಿಸಿರಲಿಲ್ಲ. ಕಂದು ಇದ್ದರೆ ಬಣ್ಣ ಮೇಲ್ಪದರದಲ್ಲಿದೆ, ಕ್ರೀಮು ಮುಟ್ಟುತ್ತದೆ. ಬೂದು ನೀಲಿ ಇದ್ದರೆ ಬಣ್ಣ ಕೆಳಗಿನ ಪದರಕ್ಕೆ ಇಳಿದಿದೆ, ಅಲ್ಲಿಗೆ ಕ್ರೀಮು ತಲುಪುವುದು ಕಡಿಮೆ, ತಾನಾಗಿ ಹೋಗಲು ವರ್ಷಗಳೇ ಬೇಕು. ಲೇಸರ್ ಮಾಡಿಸಬಹುದಾ ಅಂತ ಕೇಳಿದೆ. ನಮ್ಮ ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರ್ ಉಳಿದವುಗಳಿಗಿಂತ ಸುರಕ್ಷಿತ, ಆದರೂ ಒಂದು ಕಲೆಗೋಸ್ಕರ ಹೊಸ ಕಲೆಯ ಅಪಾಯ ತೆಗೆದುಕೊಳ್ಳುತ್ತೀರಾ ಅಂತ ಡಾಕ್ಟರು ತಿರುಗಿ ಕೇಳಿದರು. ಬೇಡ ಅಂದೆ. ಅದು ಇರಲಿ. ಕ್ರೀಮು ಈಗ ರಾತ್ರಿ ಮಾತ್ರ ಹಚ್ಚುತ್ತಿದ್ದೇನೆ, ಹೊಸ ಮೊಡವೆ ಗುರುತು ಬಿಡದೇ ಹೋಗಲಿ ಅಂತ. ಹೋದ ವಾರ ಗಲ್ಲದ ಮೇಲೆ ಒಂದು ಎದ್ದಿತ್ತು. ಚಿವುಟಲಿಲ್ಲ. ಇವತ್ತು ಭಾನುವಾರ, ಅದೇ ಕಿಟಕಿ ಪಕ್ಕ ನಿಂತು ನೋಡಿದೆ. ಅದರ ಗುರುತು ಇದೆ, ತಿಳಿ ಕಂದು ಬಣ್ಣ.